ಎಷ್ಟು ದಿನದ ರೊಟ್ಟಿ

ಕೊನೆಯ ಹಂಚು ಇಳಿಸಿದ ಮೇಲೆ
ಬೆಟಗೇರಿಯ ನಮ್ಮ ರೊಟ್ಟಿ ಅಂಗಡಿಯಲ್ಲಿ
ನಾಲ್ಕು ಮಂದಿ ಕೂತೆವು, ನಡುವೆ ಉದ್ರಿ ವಹಿ.
ಅದರ ಹಿಂದಿನ ಹಾಳೆಗೆ ಇವತ್ತು ಬೇರೆ ಕೆಲಸ:
ಸಮುದ್ರಕ್ಕೆ ಎಷ್ಟು ದಿನ?

"ಎರಡು ಸಾಕು" ಅಂದಳು ಶಿವಲೀಲಾ,
ಹಿಟ್ಟು ಮೆತ್ತಿದ ಬೆರಳಲ್ಲೇ ಎಣಿಸಿ,
"ಒಂದು ಹೋಗಾಕ, ಒಂದು ಬರಾಕ."
"ಮತ್ತ ನೋಡಾಕ?"
ಮೂರನೇ ಬೆರಳು ಬಿಚ್ಚಿದಳು, ನೋಡಿದಳು,
ಮಡಚಿಕೊಂಡಳು.

ಮಾಬೂಸಾಬನ ಟವೇರಾಕ್ಕೆ ಕಿಲೋಮೀಟರಿಗೊಂದು ಲೆಕ್ಕ,
ರಾತ್ರಿ ನಿಂತರೆ ಇನ್ನೊಂದು.
"ಹುಬ್ಬಳ್ಳಿ ದಾಟಿ ಕಲಘಟಗಿಯೊಳಗ ಚಹಾ,
ಯಲ್ಲಾಪುರದಾಗ ನಾಷ್ಟಾ,
ಅರಬೈಲ ಘಟ್ಟದಾಗ ಲಾರಿ ಅಡ್ಡ ಬರಲಿಲ್ಲಂದ್ರ
ಮಧ್ಯಾಹ್ನಕ್ಕ ಅಂಕೋಲಾ" ಅಂದಿದ್ದ.
ಲಾರಿ ಅಡ್ಡ ಬರಲಿಲ್ಲಂದ್ರ!
ಅವನ ದಾರಿಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಹಜರತಬಿಗೆ ಐದು ದಿನ ಬೇಕು.
ಕಾರವಾರದಿಂದ ಮಲ್ಪೆಯ ತನಕ
ಒಂದೂರೂ ಬಿಡಬಾರದಂತೆ.
ಬರೆದೆ: ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ,
ಮರವಂತೆ.
ಅಲ್ಲಿ ರಸ್ತೆಯ ಈ ಕಡೆ ಕಡಲು, ಆ ಕಡೆ ಹೊಳೆ,
ಅವಳ ಅಳಿಯ ಫೋನಿನಲ್ಲಿ ತೋರಿಸಿದ್ದಾನೆ.
"ಅಲ್ಲೆ ಎಷ್ಟು ಹೊತ್ತು?" ಕೇಳಿದೆ.
"ಗಾಡಿ ದಾಟೂತನಕ" ಅಂದಳು. ಆಮೇಲೆ ಮೆಲ್ಲಗೆ,
"ಮಾಬೂಸಾಬ ಸಾವಕಾಶ ಹೊಡೀಬೇಕು."

ನಮಗೆ ಗೊತ್ತಿರುವ ಹೊತ್ತು ಅಂದರೆ ರೊಟ್ಟಿಯ ಹೊತ್ತು.
ಬಿಸಿರೊಟ್ಟಿಗೆ ಅರ್ಧ ತಾಸು,
ಮೆತ್ತನ್ನದಕ್ಕೆ ನಾಳೆ ಮಧ್ಯಾಹ್ನ,
ಖಟಕ್ ರೊಟ್ಟಿಗೆ ತಿಂಗಳು, ಚೀಲದ ಬಾಯಿ ಕಟ್ಟಿಟ್ಟರೆ.
ಶೇಂಗಾ ಹಿಂಡಿ ಅದಕ್ಕೂ ಮುಂದೆ.
ಮೊಸರಿಗೆ ಮಾತ್ರ ಧೈರ್ಯ ಸಾಲದು,
ಘಟ್ಟ ಇಳಿಯುವುದರೊಳಗೆ ಹುಳಿ.
ಹೀಗೆ ನೋಡಿದರೆ ಬುತ್ತಿ ಮೂವತ್ತು ದಿನ ಬಾಳುತ್ತದೆ.
ಗಿರಾಕಿ?
ಹಾಸ್ಟೆಲಿಗೆ ದಿನಾ ನೂರಾ ಅರವತ್ತು,
ಸ್ಟೇಷನ್ ರಸ್ತೆಯ ಖಾನಾವಳಿಗೆ ಇನ್ನೂರು,
ಹದಿನಾಲ್ಕಕ್ಕೆ ಮದುವೆಯ ಸಾವಿರ, ಮುಂಗಡ ತಗೊಂಡಾಗಿದೆ,
ಮುಂಗಡ ಗ್ಯಾಸಿಗೆ ಹೋಗಿಯೂ ಆಗಿದೆ.
ಮೂರು ದಿನ ನಾವು ಬಾಗಿಲು ಹಾಕಿದರೆ
ನಾಲ್ಕನೇ ದಿನ ಅವರ ಕಾಲು
ಬೇರೆ ಬಾಗಿಲು ಕಲಿಯುತ್ತದೆ.

ನಾನು ಒಮ್ಮೆ ಹೋಗಿದ್ದೆ. ಇವರಿಗೆ ಹೇಳಿಲ್ಲ.
ದಿಬ್ಬಣದ ಬಸ್ಸು, ಕಾರವಾರ, ಇಪ್ಪತ್ತು ನಿಮಿಷ.
ಎಲ್ಲರೂ ನೀರಿಗಿಳಿದರು,
ನಾನು ಹದಿನೆಂಟು ಜೊತೆ ಚಪ್ಪಲಿ ಕಾದೆ.
ಡ್ರೈವರ್ ಹಾರ್ನ್ ಹೊಡೆದಾಗ
ಕಡಲು ಅಲ್ಲೇ ಇತ್ತು, ಹಿಂದೆ,
ಉಸುಕು ಮಾತ್ರ ಬೇರೆಯವರ ಚಪ್ಪಲಿಯಿಂದ
ನನ್ನ ಸೆರಗಿಗೆ ಬಂದಿತ್ತು.

ಅಂಬೂಬಾಯಿ ಇಷ್ಟೊತ್ತು ಸುಮ್ಮನಿದ್ದಳು.
ಅರವತ್ತೆರಡು ವರ್ಷ, ಮಗ್ಗದ ಮನೆ,
ನೀರು ಅಂದರೆ ಭೀಷ್ಮ ಕೆರೆ,
ಇಲ್ಲವೆ ಬರುತ್ತೇನೆಂದು ಬಾರದ ನಳ.
"ನಳಾ ಬಂದ್ರ ಕೊಡಾ ತುಂಬಿದ್ರೂ
ನಾ ಅಲ್ಲೇ ನಿಂತು ನೋಡತೇನಿ" ಅಂದಳು.
"ಅದು ಬೆರಳ ಗಾತ್ರದ ನೀರು.
ಇದಕ್ಕ ಎಷ್ಟು ಹೊತ್ತು ಬರೀತಿ, ಬರಿ."

ಪೆನ್ನು ಎತ್ತಿಕೊಂಡೇ ಇದ್ದೆ.
ಶಿವಲೀಲಾ ಮೂರನೇ ಬೆರಳನ್ನು ತಾನೇ ಬಿಚ್ಚಿದಳು,
ನಾಲ್ಕನೆಯದು ಅದರ ಹಿಂದೆಯೇ ಎದ್ದಿತು.
ಹಜರತಬಿ ಭಟ್ಕಳ ಹೊಡೆದು ಹಾಕಲು ಒಪ್ಪಿದಳು,
ಕುಮಟಾ, ಹೊನ್ನಾವರ, ಕೊನೆಗೆ ಮಲ್ಪೆಯನ್ನೂ.
ಮರವಂತೆಗೆ ಬಂದಾಗ ನನ್ನ ಮಣಿಕಟ್ಟು ಹಿಡಿದಳು.
ಗೀಟು ಅರ್ಧಕ್ಕೆ ನಿಂತಿದೆ,
ಹೊಳೆ ಒಂದು ಕಡೆ, ಕಡಲು ಒಂದು ಕಡೆ.

ಬಾಗಿಲಿಗೆ ತೂಗಹಾಕಲು ರಟ್ಟಿನ ಮೇಲೆ ಬರೆದಿದ್ದೇನೆ:
ಗುರುವಾರದಿಂದ . . . . . . . . ತನಕ
ರೊಟ್ಟಿ ಸಿಗುವುದಿಲ್ಲ.
ಬಿಟ್ಟ ಜಾಗ ರವಿವಾರಕ್ಕೆ ಸರಿಹೋಗುತ್ತದೆ.
ಮಂಗಳವಾರವೂ ಹಿಡಿಸೀತು,
ಅಕ್ಷರ ಸಣ್ಣ ಮಾಡಿದರೆ.